ಚೆಂಡುಗೀಲಿನ ಗೊಂಬೆಯ ಒಳದಾರ

ಸೂತ್ರದ ಗೊಂಬೆಗೆ ದಾರ ಹೊರಗಿರುತ್ತದೆ. ಅದರ ತುದಿ ಆಡಿಸುವವನ ಕೈಯಲ್ಲಿರುವವರೆಗೆ ಗೊಂಬೆ ನಿಲ್ಲುತ್ತದೆ, ಕೈ ಬಿಟ್ಟೊಡನೆ ಕುಸಿಯುತ್ತದೆ. ಇದೇ ದಾರವನ್ನು ಪೊಳ್ಳು ಮೈಯೊಳಗೆ ಬಿಗಿದು, ಆ ಬಿಗಿತದ ಬಲದಿಂದಲೇ ಗೊಂಬೆಯನ್ನು ಕೂರಿಸಿದಂತೆ ಕೂರುವ, ನಿಲ್ಲಿಸಿದಂತೆ ನಿಲ್ಲುವ ಹಾಗೆ ಮಾಡುವ ಇನ್ನೊಂದು ಕಟ್ಟೋಣವುಂಟು. ಜಪಾನೀಯರು ಇದನ್ನು ‘ಕ್ಯೂತೈ ಕಾನ್ಸೆತ್ಸು ನಿಂಗ್ಯೋ’ ಎನ್ನುತ್ತಾರೆ. ಇಂದಿನ ಹವ್ಯಾಸಿಗಳ ಬಾಯಲ್ಲಿ ಅದು ‘ಬಾಲ್ ಜಾಯಿಂಟೆಡ್ ಡಾಲ್’, ಚುಟುಕಾಗಿ ‘ಬಿಜೆಡಿ’. ಕನ್ನಡದಲ್ಲಿ ಚೆಂಡುಗೀಲಿನ ಗೊಂಬೆ ಎನ್ನಬಹುದು: ಒಂದು ಅಂಗದ ತುದಿಯಲ್ಲಿ ಗುಂಡು, ಅದಕ್ಕೆ ಹೊಂದುವ ಅಂಗದಲ್ಲಿ ಆ ಗುಂಡು ಕೂರುವ ಗುಳಿ, ಎರಡರ ನಡುವೆ ಹಾದುಹೋಗುವ ಎಲಾಸ್ಟಿಕ್ ದಾರ.

ಕೈಕಾಲು ಆಡುವ ಗೊಂಬೆ ಬಹಳ ಹಳೆಯದು. ಕ್ರಿ.ಪೂ. 5ನೆಯ ಶತಮಾನದ ಗ್ರೀಸಿನಲ್ಲಿಯೇ ಸುಟ್ಟ ಮಣ್ಣಿನ ಗೊಂಬೆಗಳಿಗೆ ತೂತು ಕೊರೆದು ಅಂಗಗಳನ್ನು ಪೋಣಿಸುತ್ತಿದ್ದರು, ಆದರೆ ಆ ಅಂಗಗಳು ತೂಗಾಡುತ್ತಿದ್ದವೇ ಹೊರತು ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ. 16ನೆಯ ಶತಮಾನದ ಜರ್ಮನಿಯಲ್ಲಿ ಗುಂಡುಗೀಲುಗಳುಳ್ಳ ಪುಟ್ಟ ಮರದ ಮಾನವಾಕೃತಿಗಳನ್ನು ಕಡೆಯಲಾಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಥುರಿಂಗಿಯಾದ ಕಾರ್ಖಾನೆಗಳೂ ಪ್ಯಾರಿಸಿನ ಜ್ಯುಮೋ ಸಂಸ್ಥೆಯೂ, ಮೆರುಗು ಹಚ್ಚದ ಪಿಂಗಾಣಿಯ, ಅಂದರೆ ‘ಬಿಸ್ಕ್’ನ, ತಲೆಗೆ ಮರದ ಹೊಟ್ಟು, ಕಾಗದ, ಅಂಟು ಮುಂತಾದವನ್ನು ಕಲಸಿ ಒತ್ತಿದ ಮೈಯನ್ನು ಜೋಡಿಸಿ, ಎಲಾಸ್ಟಿಕ್ ದಾರದಿಂದ ಬಿಗಿದ ಗೊಂಬೆಗಳನ್ನು ಮಾರುಕಟ್ಟೆಗೆ ತಂದವು.

ಮಕ್ಕಳ ಈ ಆಟಿಕೆಯನ್ನು ಕಲೆಯ ಕಡೆಗೆ, ಅದೂ ಸಾಕಷ್ಟು ಕರಾಳವಾದ ಕಲೆಯ ಕಡೆಗೆ, ಎಳೆದವನು ಹಾನ್ಸ್ ಬೆಲ್ಮರ್. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ, ಪ್ರಭುತ್ವಕ್ಕೆ ಉಪಯೋಗವಾಗುವ ಯಾವ ಕೆಲಸವನ್ನೂ ಮಾಡುವುದಿಲ್ಲವೆಂದು ತೀರ್ಮಾನಿಸಿದ ಆತ ಬರ್ಲಿನ್ನಿನಲ್ಲಿ ಹೆಚ್ಚುಕಡಿಮೆ ಆಳೆತ್ತರದ ಹುಡುಗಿಯ ಗೊಂಬೆಯೊಂದನ್ನು ಕಟ್ಟತೊಡಗಿದ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದ್ದ 16ನೆಯ ಶತಮಾನದ ಮರದಾಕೃತಿಗಳನ್ನು ಕಂಡ ಮೇಲೆ, 1935ರ ಎರಡನೆಯ ಗೊಂಬೆಗೆ ಹೊಟ್ಟೆಯ ಜಾಗದಲ್ಲಿಯೇ ದೊಡ್ಡದೊಂದು ಗುಂಡನ್ನು ಇಟ್ಟ. ಅಂಗಗಳನ್ನು ಅದಲುಬದಲಾಗಿ ಜೋಡಿಸಿ ತೆಗೆದ ಅವನ ಛಾಯಾಚಿತ್ರಗಳು ಇಂದಿಗೂ ನೋಡುಗರನ್ನು ಕದಡುತ್ತವೆ. ಅವು ಬೆರಗಿಗಿಂತ ಹೇಸಿಕೆಯನ್ನೇ ಹುಟ್ಟಿಸಿದರೆ ನೋಡುಗರನ್ನು ದೂರುವಂತಿಲ್ಲ.

ಜಪಾನಿನಲ್ಲಿ ಬೆಲ್ಮರನನ್ನು ಲೇಖಕ ಶಿಬುಸಾವಾ ತಾತ್ಸುಹಿಕೊ 1965ರಲ್ಲಿ ಪತ್ರಿಕೆಯೊಂದರ ಮೂಲಕ ಪರಿಚಯಿಸಿದರು. ಅದನ್ನು ನೋಡಿ ದಾರಿ ಬದಲಿಸಿಕೊಂಡ ಗೊಂಬೆಗಾರ ಯೋತ್ಸುಯಾ ಸಿಮೋನ್ 1978ರಲ್ಲಿ ಟೋಕಿಯೊದಲ್ಲಿ ‘ಎಕೋಲ್ ದ ಸಿಮೋನ್’ ಎಂಬ ಗೊಂಬೆಶಾಲೆಯನ್ನೇ ತೆರೆದರು. ಬೀಜ ಯುರೋಪಿನದಾದರೂ ಬಿದ್ದ ನೆಲ ಹದವಾಗಿಯೇ ಇತ್ತು: ಚಿಪ್ಪಿನ ನುಣ್ಣನೆಯ ಪುಡಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ, ಪದರದ ಮೇಲೆ ಪದರ ಹಚ್ಚಿ ಗೊಂಬೆಗೆ ಚರ್ಮದ ಕಾಂತಿ ತರುವ ‘ಗೋಫುನ್’ ವಿದ್ಯೆ ಅಲ್ಲಿನ ಕುಶಲಕರ್ಮಿಗಳಿಗೆ ತಲೆಮಾರುಗಳಿಂದ ಕರಗತವಾಗಿತ್ತು.

ಇಲ್ಲಿಯವರೆಗೆ ಗೊಂಬೆಯನ್ನು ಪೂರ್ಣಗೊಳಿಸುವವನು ಮಾಡಿದವನೇ. ಈ ಪದ್ಧತಿ ತಲೆಕೆಳಗಾದದ್ದು 1999ರಲ್ಲಿ, ಕ್ಯೋಟೊದ ವೋಕ್ಸ್ ಸಂಸ್ಥೆ ‘ಸೂಪರ್ ಡಾಲ್ಫಿ’ ಎಂಬ ಗೊಂಬೆಯನ್ನು ಹೊರತಂದಾಗ. ವೋಕ್ಸ್ ಗೊಂಬೆಗಾರರ ಮನೆತನವಲ್ಲ. ಅದು ‘ಗ್ಯಾರೇಜ್ ಕಿಟ್’ ತಯಾರಿಸುತ್ತಿದ್ದ ಸಂಸ್ಥೆ. ಗ್ಯಾರೇಜ್ ಕಿಟ್ ಎಂದರೆ ಸಿಲಿಕೋನ್ ಅಚ್ಚಿಗೆ ಪಾಲಿಯುರೆಥೇನ್ ರಾಳ ಸುರಿದು ತೆಗೆದ ಬಿಡಿಭಾಗಗಳ ಪೊಟ್ಟಣ. ಅಚ್ಚಿನ ಎರಡು ಹೋಳು ಕೂಡುವಲ್ಲಿ ಮೂಡಿದ ಏಣನ್ನು ಉಜ್ಜುವುದು, ಜೋಡಿಸುವುದು, ಬಣ್ಣ ಬಳಿಯುವುದು ಎಲ್ಲವೂ ಕೊಂಡವನ ಪಾಲಿನ ಕೆಲಸ. ರಾಳದ ಜೊತೆಗೆ ಈ ರೂಢಿಯೂ ಗೊಂಬೆಗೆ ಅಂಟಿಕೊಂಡಿತು. ಚೆಂಡುಗೀಲಿನ ಗೊಂಬೆಯನ್ನು ಕೊಳ್ಳುವವರು ಇಂದಿಗೂ ಬೋಳುತಲೆಯ, ಬಣ್ಣವಿಲ್ಲದ ಮುಖದ, ಕಣ್ಣಿನ ಜಾಗದಲ್ಲಿ ಬರಿಯ ತೂತುಗಳಿರುವ ಗೊಂಬೆಯನ್ನು ಹಿಗ್ಗಿನಿಂದ ಮನೆಗೆ ತರುವುದಕ್ಕೆ ಮುಖ್ಯ ಕಾರಣ ಇದೇ ಎನ್ನಬೇಕು. ಮುಂದಿನ ಕೆಲವೇ ವರ್ಷಗಳಲ್ಲಿ ಕೊರಿಯಾದ, ಆಮೇಲೆ ಚೀನಾದ ತಯಾರಕರೂ ಇದೇ ಹಾದಿ ಹಿಡಿದರು.

ಹೊಸ ಗೊಂಬೆಗೆ ಮುಖ ಬರೆಯುವ ಕೆಲಸಕ್ಕೆ ‘ಫೇಸ್-ಅಪ್’ ಎಂದು ಹೆಸರು. ಅಚ್ಚಿನಿಂದ ಬಿಡಿಸುವಾಗಿನ ಜಿಡ್ಡನ್ನು ಸೋಪುನೀರಿನಿಂದ ತೊಳೆದು, ರಾಳದ ಪುಡಿ ಗಾಳಿಗೇರದಂತೆ ನೀರಿನಲ್ಲಿ ಅದ್ದಿದ ಮರಳುಕಾಗದದಿಂದ ಏಣನ್ನು ತಿಕ್ಕಿ, ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಷನ್ನು ತೆಳುವಾಗಿ ಸಿಂಪಡಿಸುತ್ತಾರೆ. ಈ ಪದರದ ಸಣ್ಣ ತರಿಯಿಲ್ಲದಿದ್ದರೆ ಬಣ್ಣದ ಪುಡಿ ನುಣುಪಾದ ರಾಳದ ಮೇಲೆ ನಿಲ್ಲದು. ಪ್ಯಾಸ್ಟೆಲ್ ಕಡ್ಡಿಯನ್ನು ಕೆರೆದ ಪುಡಿಯನ್ನು ಮೃದುವಾದ ಕುಂಚದಿಂದ ಕೆನ್ನೆ, ರೆಪ್ಪೆ, ತುಟಿಯಂಚಿಗೆ ತೀಡಿ, ಮತ್ತೆ ವಾರ್ನಿಷ್, ಮತ್ತೆ ಬಣ್ಣ, ಹೀಗೆ ಪದರಗಳು ಏರುತ್ತವೆ. ಹುಬ್ಬಿನ ಒಂದೊಂದು ಕೂದಲನ್ನೂ ನೀಳ ಕುಂಚದ ತುದಿಯಿಂದ ಎಳೆಯುತ್ತಾರೆ. ಮಳೆಗಾಲದ ತೇವದ ಗಾಳಿಯಲ್ಲಿ ಸಿಂಪಡಿಸಿದರೆ ವಾರ್ನಿಷ್ ಬೂದಿ ಮುಸುಕಿದಂತೆ ಬೆಳ್ಳಗಾಗಿ, ಅಲ್ಲಿಯವರೆಗಿನ ದುಡಿಮೆಯೆಲ್ಲ ನೀರಿನಲ್ಲಿ ಹೋಮ. ಕಣ್ಣುಗಳನ್ನು ಒಳಗಡೆಯಿಂದ, ಬಿಚ್ಚಿಬರುವ ತಲೆಬುರುಡೆಯ ಮೂಲಕ, ಮೆತ್ತನೆಯ ಮೇಣದಂಥ ಅಂಟಿನಿಂದ ಕೂರಿಸಲಾಗುತ್ತದೆ.

ನಿರ್ವಹಣೆಯ ಬಹುಪಾಲು ಮತ್ತೆ ಆ ದಾರದ್ದೇ. ಒಂದು ಸುತ್ತು ಕುತ್ತಿಗೆಯ ಕೊಕ್ಕೆಯಿಂದ ಇಳಿದು ಎರಡೂ ಕಾಲುಗಳಿಗೆ, ಇನ್ನೊಂದು ಎದೆಗಡ್ಡವಾಗಿ ಕೈಯಿಂದ ಕೈಗೆ ಹೋಗುತ್ತದೆ. ಕಾಲಕ್ರಮದಲ್ಲಿ ಅದು ಸಡಿಲಾದರೆ ಗೊಂಬೆ ಸೊಂಟ ಮುರಿದಂತೆ ಬಾಗುತ್ತದೆ, ಆಗ ದಾರವನ್ನು ಗಿಡ್ಡಮಾಡಬೇಕು ಇಲ್ಲವೆ ಬದಲಿಸಬೇಕು. ಗುಳಿಯೊಳಗೆ ತೆಳುವಾದ ಚರ್ಮದ ಚೂರನ್ನು ಅಂಟಿಸಿದರೆ ಕೀಲು ಜಾರುವುದಿಲ್ಲ. ಕಡುಬಣ್ಣದ ಬಟ್ಟೆ ಬಣ್ಣ ಬಿಟ್ಟು ರಾಳಕ್ಕೆ ಕಲೆಯಾಗದಂತೆ ಒಳಗೊಂದು ಬಿಳಿಯ ಬಟ್ಟೆ ತೊಡಿಸುವುದು ವಾಡಿಕೆ. ಬರೆದ ಮುಖವನ್ನು ಅಳಿಸಿ ಹೊಸದಾಗಿ ಬರೆಯಬಹುದು. ಆದರೆ ಬಿಸಿಲಿಗೂ ವಯಸ್ಸಿಗೂ ಸಿಕ್ಕ ರಾಳ ನಿಧಾನವಾಗಿ ಹಳದಿಗಟ್ಟುವುದನ್ನು ತಡಮಾಡಬಹುದೇ ಹೊರತು ತಪ್ಪಿಸಲಾಗದು. ಹಳದಿಯಾದ ಮೇಲ್ಪದರವನ್ನು ಉಜ್ಜಿ ತೆಗೆಯುವವರೂ ಇದ್ದಾರೆ, ಆದರೆ ಉಜ್ಜಿದಷ್ಟೂ ಶಿಲ್ಪಿ ತಿದ್ದಿದ ಮೂಗು, ತುಟಿಗಳ ಅಂಚು ಸವೆಯುತ್ತ ಹೋಗುತ್ತದೆ.