ಹಿನ್ನೆಲೆ ಸ್ಕ್ರಿಪ್ಟಿನ ಆರಂಭಕಾಲ: ಒಂದು ಐತಿಹಾಸಿಕ ವಿವೇಚನೆ

ಕಾಲಗಣನೆಯ ಇತಿಹಾಸದಲ್ಲಿ ಎಷ್ಟು ಹೊತ್ತು ಎಂಬ ಪ್ರಶ್ನೆಗಿಂತ ಎಲ್ಲಿಂದ ಎಣಿಸಬೇಕೆಂಬ ಪ್ರಶ್ನೆಯೇ ಕಠಿನವಾದುದು. ಹೆಬ್ರಿಯ ಸುತ್ತಿನ ಬಯಲಾಟಗಳನ್ನು ಕಂಡವರಿಗೆ ಇದು ಹೊಸತಲ್ಲ. ಪ್ರೇಕ್ಷಕನ ಪಾಲಿಗೆ ವೇಷವು ರಂಗಕ್ಕೆ ಬಂದಾಗ ಆಟ ಮೊದಲಾಗುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವನ ಪಾಲಿಗಾದರೋ ಅದು ಎಷ್ಟೋ ಮುಂಚೆಯೇ ಮೊದಲಾಗಿರುತ್ತದೆ.

ಜಾಲಪುಟಗಳ ವೇಗವನ್ನಳೆಯುವಲ್ಲಿಯೂ ಇದೇ ತೊಡಕು ತಲೆದೋರಿತು. ಡಬ್ಲ್ಯು3ಸಿ ಒಕ್ಕೂಟವು 2012ರ ಡಿಸೆಂಬರಿನಲ್ಲಿ ‘ನ್ಯಾವಿಗೇಷನ್ ಟೈಮಿಂಗ್’ ಪ್ರಮಾಣವನ್ನು ಅಂಗೀಕರಿಸಿ, ವಿಳಾಸಶೋಧನೆ, ಸಂಪರ್ಕ, ಕೋರಿಕೆ, ಉತ್ತರ ಮೊದಲಾದ ಘಟ್ಟಗಳಿಗೆ ಕಾಲಮುದ್ರೆಗಳನ್ನು ಗೊತ್ತುಪಡಿಸಿತು. ಸರ್ವಿಸ್ ವರ್ಕರಿನ ಮೊದಲ ಕರಡು ಪ್ರಕಟವಾದುದು 2014ರ ಮೇ ತಿಂಗಳಲ್ಲಿ. ಕ್ರೋಮ್ 40ರ ಮೂಲಕ ಅದು ಬಳಕೆಗೆ ಬಂದುದು 2015ರ ಜನವರಿಯಲ್ಲಿ. ಪುಟಕ್ಕೂ ಜಾಲಕ್ಕೂ ನಡುವೆ ನಿಂತು ಕೋರಿಕೆಗಳಿಗೆ ತಾನೇ ಉತ್ತರಿಸಬಲ್ಲ ಈ ಹಿನ್ನೆಲೆ ಸ್ಕ್ರಿಪ್ಟನ್ನು ಬ್ರೌಸರು ಕೆಲಸವಿಲ್ಲದಾಗ ನಿಲ್ಲಿಸಿ, ಬೇಕಾದಾಗ ಎಬ್ಬಿಸುತ್ತದೆ. ಹಾಗೆ ಎಬ್ಬಿಸಲು ಹಿಡಿಯುವ ಹೊತ್ತಿಗೆ 2012ರ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಗೂಗಲ್ಲಿನ ತಜ್ಞರು 2017ರಲ್ಲಿ ಕೊಟ್ಟ ಅಂದಾಜಿನಂತೆ ಅದು ಸಾಮಾನ್ಯವಾಗಿ 50 ಮಿಲಿಸೆಕೆಂಡು, ಮೊಬೈಲಿನಲ್ಲಿ 250ರಷ್ಟು, ದುರ್ಬಲ ಯಂತ್ರಗಳಲ್ಲಿ 500ನ್ನೂ ಮೀರಬಹುದು.

ಈ ಕೊರತೆಯನ್ನು ತುಂಬಲು ಬಂದುದೇ ‘ವರ್ಕರ್‌ಸ್ಟಾರ್ಟ್’ ಎಂಬ ಕಾಲಮುದ್ರೆ. ಆದರೆ ಇದನ್ನು ಓದುವಲ್ಲಿ ಎಚ್ಚರ ಬೇಕು. ಸ್ಕ್ರಿಪ್ಟು ನಿಂತಿದ್ದರೆ, ಅದನ್ನು ಎಬ್ಬಿಸತೊಡಗುವ ಮುನ್ನಿನ ಕ್ಷಣವನ್ನು ಇದು ಸೂಚಿಸುತ್ತದೆ. ಮೊದಲೇ ಎಚ್ಚೆತ್ತಿದ್ದರೆ, ಕೋರಿಕೆಯನ್ನು ಅದರ ಕೈಗೊಪ್ಪಿಸುವ ಮುನ್ನಿನ ಕ್ಷಣವನ್ನು. ಹೆಸರು ಒಂದೇ, ಘಟನೆಗಳು ಎರಡು. ಸರ್ವಿಸ್ ವರ್ಕರು ಇಲ್ಲವೇ ಇಲ್ಲದಿದ್ದರೆ ಮೌಲ್ಯವು 0. ಈ ಸೊನ್ನೆಯು ಆರಂಭವು ಕ್ಷಣಮಾತ್ರದಲ್ಲಿ ಆಯಿತೆಂದು ಹೇಳುವುದಿಲ್ಲ. ಆರಂಭಿಸಬೇಕಾದುದೇ ಇರಲಿಲ್ಲವೆಂದು ಹೇಳುತ್ತದೆ. ಸೊನ್ನೆಗಳನ್ನೂ ಸೇರಿಸಿ ಸರಾಸರಿ ತೆಗೆದವನು ಆಕರವನ್ನು ತಪ್ಪಾಗಿ ಓದಿದಂತಾಯಿತು.

ಇದು ಕೇವಲ ಸೂಕ್ಷ್ಮ ಚರ್ಚೆಯಲ್ಲ. ಆಗುಂಬೆ ಘಟ್ಟದ ಬುಡದಲ್ಲಿರುವ ಹೆಬ್ರಿಯಂತಹ ಊರಿನಲ್ಲಿ ವಿದ್ಯಾರ್ಥಿಯೊಬ್ಬನ ಮೊಬೈಲಿನಲ್ಲಿ ಪುಟ ತಡವಾಗಿ ತೆರೆದರೆ, ದೋಷವನ್ನು ಸಂಪರ್ಕದ ಮೇಲೆ ಹೊರಿಸುವುದು ಸುಲಭ. ತಡವು ಸ್ಕ್ರಿಪ್ಟನ್ನು ಎಬ್ಬಿಸುವುದರಲ್ಲಿಯೇ ಆಗಿದ್ದರೆ ಪರಿಹಾರವೂ ಬೇರೆ. 2017ರಲ್ಲಿ ಕ್ರೋಮ್ 59ರೊಡನೆ ಬಂದ ‘ನ್ಯಾವಿಗೇಷನ್ ಪ್ರೀಲೋಡ್’ ಸ್ಕ್ರಿಪ್ಟು ಏಳುತ್ತಿರುವಾಗಲೇ ಜಾಲಕ್ಕೂ ಕೋರಿಕೆ ಕಳುಹಿಸಿ, ಎರಡು ಕೆಲಸಗಳನ್ನೂ ಜೊತೆಯಾಗಿ ನಡೆಯಿಸುತ್ತದೆ.

ಶಾಸನದ ತಿಥಿಯನ್ನು ಕಂಡಾಗ ಅದು ದಾನ ಕೊಟ್ಟ ದಿನವೋ ಕಲ್ಲಿನಲ್ಲಿ ಕೆತ್ತಿಸಿದ ದಿನವೋ ಎಂದು ನಾವು ಕೇಳುತ್ತೇವೆ. ಯಂತ್ರವು ಬರೆದಿಟ್ಟ ಕಾಲಕ್ಕೂ ಅದೇ ಪ್ರಶ್ನೆ ಸಲ್ಲುತ್ತದೆ. ಆರಂಭಬಿಂದು ನಿಶ್ಚಯವಾಗದೆ ಹೊಣೆಯ ನಿರ್ಣಯವು ಸಾಧ್ಯವಿಲ್ಲ.