ಕಾಶಿಯ ಕಾಲುದಾರಿ: ಒಂಟಿ ಯಾತ್ರಿಕನ ಪೂರ್ವಸಿದ್ಧತೆ

ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವು ಶಾಸನಾಭ್ಯಾಸಿಗಳಿಗೆ ಚಿರಪರಿಚಿತವಾದುದು. ದತ್ತಿಯನ್ನು ಅಳಿದವನು ವಾರಣಾಸಿ, ಕುರುಕ್ಷೇತ್ರಗಳಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಗುರಿಯಾಗುತ್ತಾನೆ; ಕಾಪಾಡಿದವನು ಅದೇ ಕ್ಷೇತ್ರಗಳಲ್ಲಿ ಗೋದಾನ ಮಾಡಿದ ಫಲವನ್ನು ಪಡೆಯುತ್ತಾನೆ. ಹೀಗೆ ಊರ ಗುಡಿಯ ಮುಂದಿನ ಕಲ್ಲಿನ ಮೇಲೆಯೇ ಕಾಶಿಯ ಹೆಸರಿತ್ತು. ಆದರೆ ಹೆಸರು ಹತ್ತಿರವಿದ್ದಷ್ಟು ಊರು ಹತ್ತಿರವಿರಲಿಲ್ಲ. ಮೈಸೂರು ಸೀಮೆಯಿಂದ ಕಾಶಿಗೆ 1,500 ಕಿಲೋಮೀಟರಿಗೂ ಮಿಗಿಲಾದ ದೂರ. ದಿನಕ್ಕೆ 20 ಕಿಲೋಮೀಟರಿನಂತೆ ಎಲ್ಲಿಯೂ ತಂಗದೆ ನಡೆದರೂ ಎರಡೂವರೆ ತಿಂಗಳು ಬೇಕು. ಮಳೆಗಾಲದ ತಂಗುವಿಕೆ, ತುಂಬಿದ ಹೊಳೆಗಳು, ಜ್ವರ ಇವೆಲ್ಲ ಸೇರಿದರೆ ಹೋಗಿಬರಲು ಒಂದು ವರ್ಷವೂ ಸಾಲದು. ಕಾಶಿಗೆ ಹೋದವನೂ ಸುಡುಗಾಡಿಗೆ ಹೋದವನೂ ಒಂದೇ ಎಂಬ ಅರ್ಥದ ಗಾದೆ ತೆಲುಗಿನಲ್ಲಿ ಪ್ರಸಿದ್ಧವಾಗಿದೆ.

ಇಂತಹ ದಾರಿಗೆ ಮೊದಲ ಬಾರಿಗೆ, ಅದೂ ಒಬ್ಬನೇ ಹೊರಡುವವನು ಏನನ್ನು ಸಿದ್ಧಪಡಿಸಿಕೊಳ್ಳಬೇಕಾಗಿತ್ತು? ಈ ಪ್ರಶ್ನೆಗೆ ಧರ್ಮಶಾಸ್ತ್ರ ಗ್ರಂಥಗಳು, ಶಾಸನಗಳು ಹಾಗೂ ಹತ್ತೊಂಬತ್ತನೆಯ ಶತಮಾನದ ಯಾತ್ರಾವೃತ್ತಾಂತಗಳು ನೀಡುವ ಉತ್ತರವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಏಕಾಕಿಯ ಅಧಿಕಾರ

ಮಹಾಭಾರತದ ವನಪರ್ವದಲ್ಲಿ ಬರುವ ತೀರ್ಥಯಾತ್ರಾ ಪ್ರಕರಣವು ಈ ಚರ್ಚೆಗೆ ಮೂಲಾಧಾರವಾಗಿದೆ. ಯಜ್ಞಗಳಿಗೆ ಬಗೆಬಗೆಯ ಸಾಮಗ್ರಿ ಬೇಕು. ಅವು ಅರಸರಿಗೂ ಸಿರಿವಂತರಿಗೂ ಸಾಧ್ಯವೇ ಹೊರತು ಹಣವಿಲ್ಲದವನಿಗೆ, ಸಾಧನವಿಲ್ಲದವನಿಗೆ, ಜೊತೆಗಾರರಿಲ್ಲದ ಏಕಾಕಿಗೆ ಸಾಧ್ಯವಲ್ಲ ಎಂದು ಅಲ್ಲಿ ಹೇಳಿದೆ. ಅಂತಹವನಿಗೂ ಎಟುಕುವ, ಯಜ್ಞಕ್ಕಿಂತ ಮಿಗಿಲಾದ ಪುಣ್ಯಕಾರ್ಯವೆಂದು ತೀರ್ಥಯಾತ್ರೆಯನ್ನು ವಿಧಿಸಲಾಗಿದೆ. ಇಲ್ಲಿ ಗಮನಾರ್ಹವಾದುದೇನೆಂದರೆ ಒಂಟಿತನವು ಯಾತ್ರೆಗೆ ಅಡ್ಡಿಯೆಂದು ಎಣಿಸಲ್ಪಟ್ಟಿಲ್ಲ. ಯಾತ್ರೆಯು ಯಾರಿಗಾಗಿ ಇದೆಯೋ ಅವನ ಲಕ್ಷಣಗಳಲ್ಲಿ ಅದೂ ಒಂದು.

ಆದರೆ ಈ ಅಧಿಕಾರ ಎಲ್ಲರಿಗೂ ಸಮನಾಗಿ ದೊರೆಯಲಿಲ್ಲ. ಸ್ತ್ರೀಯರಿಗೂ ಶೂದ್ರರಿಗೂ ತೀರ್ಥಯಾತ್ರೆಯು ಪತನಕಾರಣವೆನ್ನುವ ಸ್ಮೃತಿವಾಕ್ಯಗಳೂ ಉಂಟು. ಶ್ರೀಶೈಲದ ದಾರಿ ಹಿಡಿದ ಮಹಾದೇವಿಯಕ್ಕನ ಕಥೆಯನ್ನು ಹರಿಹರನು ರಗಳೆಯಾಗಿಸಿದಾಗ, ಅಂತಹ ನಿಷೇಧವನ್ನು ದಾಟಿದ ಹೆಜ್ಜೆಯೂ ಕನ್ನಡ ಸಾಹಿತ್ಯದಲ್ಲಿ ದಾಖಲಾಯಿತು.

ಹೊರಡುವ ವಿಧಿ

ಹನ್ನೆರಡನೆಯ ಶತಮಾನದಲ್ಲಿ ಗಾಹಡವಾಲ ದೊರೆ ಗೋವಿಂದಚಂದ್ರನ ಮಂತ್ರಿಯಾಗಿದ್ದ ಲಕ್ಷ್ಮೀಧರನ ‘ಕೃತ್ಯಕಲ್ಪತರು’, ಹದಿನೈದನೆಯ ಶತಮಾನದ ವಾಚಸ್ಪತಿಮಿಶ್ರನ ‘ತೀರ್ಥಚಿಂತಾಮಣಿ’, ಹದಿನಾರನೆಯ ಶತಮಾನದಲ್ಲಿ ಕಾಶಿಯಲ್ಲಿದ್ದ ನಾರಾಯಣಭಟ್ಟನ ‘ತ್ರಿಸ್ಥಲೀಸೇತು’ ಮೊದಲಾದ ನಿಬಂಧಗಳು ತೀರ್ಥಯಾತ್ರೆಯನ್ನು ವಿಸ್ತಾರವಾಗಿ ನಿರೂಪಿಸಿವೆ. ಪಿ.ವಿ. ಕಾಣೆಯವರು ತಮ್ಮ ‘ಧರ್ಮಶಾಸ್ತ್ರದ ಇತಿಹಾಸ’ದ ನಾಲ್ಕನೆಯ ಸಂಪುಟದಲ್ಲಿ ಈ ಸಾಹಿತ್ಯವನ್ನು ಸಮಗ್ರವಾಗಿ ವಿವೇಚಿಸಿದ್ದಾರೆ.

ನಿಬಂಧಕಾರರ ಪ್ರಕಾರ ಯಾತ್ರಿಕನು ಹೊರಡುವ ಮುನ್ನ ಬ್ರಹ್ಮಚರ್ಯದಿಂದಿದ್ದು ಉಪವಾಸ ಮಾಡಬೇಕು. ಗಣೇಶನನ್ನೂ ಗ್ರಹಗಳನ್ನೂ ಪೂಜಿಸಿ, ಪಿತೃಗಳಿಗೆ ತುಪ್ಪ ಪ್ರಧಾನವಾದ ಶ್ರಾದ್ಧವನ್ನು ನಡೆಸಿ, ಬ್ರಾಹ್ಮಣರನ್ನು ಸತ್ಕರಿಸಬೇಕು. ತಾಮ್ರದ ಉಂಗುರ, ತಾಮ್ರದ ಕಡಗ, ಕಾವಿಬಟ್ಟೆಗಳನ್ನು ಧರಿಸಿ ‘ಕಾರ್ಪಟಿಕ’ ವೇಷವನ್ನು ತಾಳಬೇಕು. ತನ್ನ ಊರಿಗೆ ಪ್ರದಕ್ಷಿಣೆ ಬಂದು, ಒಂದು ಹರಿದಾರಿಯೊಳಗಿನ ಬೇರೊಂದು ಗ್ರಾಮಕ್ಕೆ ನಡೆದು, ಶ್ರಾದ್ಧದಲ್ಲಿ ಉಳಿದ ತುಪ್ಪವನ್ನು ಅಲ್ಲಿ ಸೇವಿಸಿ ಉಪವಾಸವನ್ನು ಮುಗಿಸಬೇಕು.

ಈ ವಿಧಿಗಳನ್ನು ಕೇವಲ ಕರ್ಮಕಾಂಡವೆಂದು ಬದಿಗಿಡಲಾಗದು. ಹಿಂದಿರುಗದೆಯೂ ಹೋಗಬಹುದಾದವನು ಮೊದಲು ಪಿತೃಗಳ ಋಣವನ್ನು ಸಲ್ಲಿಸುತ್ತಾನೆ. ಬಳಿಕ ಊರನ್ನು ಬಲವಂದು ಬೀಳ್ಕೊಳ್ಳುತ್ತಾನೆ. ವೇಷದ ಬದಲಾವಣೆಯಿಂದ ದಾರಿಯಲ್ಲಿ ಕಂಡವರಿಗೆಲ್ಲ ಅವನು ಯಾತ್ರಿಕನೆಂದು ತಿಳಿಯುತ್ತದೆ. ಪರಿಚಯಿಸುವ ಜೊತೆಗಾರರಿಲ್ಲದವನಿಗೆ ಆ ಬಟ್ಟೆಯೇ ಪರಿಚಯಪತ್ರ. ಮೊದಲ ದಿನದ ನಡಿಗೆಯನ್ನು ಒಂದು ಹರಿದಾರಿಗೆ ಮಿತಗೊಳಿಸಿರುವುದರಲ್ಲಿಯೂ ವಿವೇಕವಿದೆ. ಮನೆಯಲ್ಲಿ ಮಾಡಿದ ತುಪ್ಪವನ್ನೇ ಪರಸ್ಥಳದಲ್ಲಿ ಉಣ್ಣುವ ಆ ರಾತ್ರಿ, ಮನೆಗೂ ದಾರಿಗೂ ನಡುವಿನ ಹೊಸ್ತಿಲಿನಂತಿದೆ.

ಹೊರುವುದು, ತೊರೆಯುವುದು

ಯಾತ್ರಾಫಲದ ಲೆಕ್ಕವೂ ಈ ಗ್ರಂಥಗಳಲ್ಲಿದೆ. ವಾಹನವೇರಿದರೆ ಅರ್ಧ ಫಲ ನಷ್ಟ. ಕೊಡೆ, ಪಾದರಕ್ಷೆಗಳಿಂದ ಅದರರ್ಧ. ದಾರಿಯಲ್ಲಿ ವ್ಯಾಪಾರ ಮಾಡಿದರೆ ಮುಕ್ಕಾಲು. ದಾನ ಸ್ವೀಕರಿಸಿದರೆ ಸಂಪೂರ್ಣ ನಷ್ಟವೆಂಬ ಗಣನೆಯು ಪ್ರಸಿದ್ಧವಾಗಿದೆ. ಎತ್ತನ್ನೇರಿ ಪ್ರಯಾಗಕ್ಕೆ ಹೋಗುವವನಿಗೆ ಮತ್ಸ್ಯಪುರಾಣವು ನರಕವನ್ನೇ ವಿಧಿಸಿದೆ.

ಲೋಕರೂಢಿ ಇದಕ್ಕಿಂತ ಮೃದುವಾಗಿತ್ತು. ದಕ್ಷಿಣದ ಬ್ರಾಹ್ಮಣ ಮದುವೆಗಳಲ್ಲಿ ಇಂದಿಗೂ ನಡೆಯುವ ‘ಕಾಶೀಯಾತ್ರೆ’ಯ ಶಾಸ್ತ್ರದಲ್ಲಿ ವರನು ಕೊಡೆ, ಕೋಲು, ಪಾದುಕೆಗಳೊಡನೆ ಒಬ್ಬನೇ ಹೊರಡುತ್ತಾನೆ. ಕನ್ಯೆಯ ತಂದೆ ಅಡ್ಡಬಂದು, ಗೃಹಸ್ಥಾಶ್ರಮವನ್ನು ಸ್ವೀಕರಿಸುವಂತೆ ಬೇಡಿ ಮರಳಿ ಕರೆತರುತ್ತಾನೆ. ಶಾಸ್ತ್ರವು ಫಲಹಾನಿಯೆಂದ ಕೊಡೆ, ಪಾದರಕ್ಷೆಗಳೇ ಇಲ್ಲಿ ಒಂಟಿ ಯಾತ್ರಿಕನ ಗುರುತುಗಳಾಗಿರುವುದು ಗಮನಿಸತಕ್ಕ ಸಂಗತಿ. ಬಿಸಿಲಲ್ಲಿ ನಡೆದವರ ಅನುಭವ ವಿಧಿಯನ್ನು ತಿದ್ದಿತೆಂದು ಇದರಿಂದ ಊಹಿಸಬಹುದು.

ಆದರೆ ಕೊನೆಯ ನಿಷೇಧ ಅಷ್ಟು ಸುಲಭದ್ದಲ್ಲ. ಬಡವನಿಗಾಗಿಯೇ ವಿಹಿತವಾದ ಯಾತ್ರೆಯಲ್ಲಿ ಬಡವನು ಕೈನೀಡಿದರೆ ಫಲವೆಲ್ಲ ನಷ್ಟ. ಮೂರು ತಿಂಗಳ ಬುತ್ತಿಯನ್ನು ಹೆಗಲ ಮೇಲೆ ಹೊರುವುದು ಯಾರಿಂದಲೂ ಆಗದು. ಹಾಗಾದರೆ ಅವನು ಉಣ್ಣುವುದೆಲ್ಲಿ?

ಅನ್ಯರು ಮಾಡಿಟ್ಟ ಸಿದ್ಧತೆ

ಈ ಪ್ರಶ್ನೆಗೆ ಉತ್ತರವು ಶಾಸನಗಳಲ್ಲಿ ದೊರೆಯುತ್ತದೆ. ಕರ್ನಾಟಕದ ಶಾಸನಗಳಲ್ಲಿ ಪದೇಪದೇ ಕಾಣುವ ಅರವಟ್ಟಿಗೆ, ಸತ್ರ, ಕೆರೆಗಳ ದತ್ತಿಗಳು ಮುಂದೆಂದೋ ಬರಲಿರುವ, ಹೆಸರೇ ತಿಳಿಯದ ದಾರಿಹೋಕನಿಗಾಗಿ ಮಾಡಿಟ್ಟ ಏರ್ಪಾಡುಗಳು. ಸತ್ರದಲ್ಲಿ ಉಂಡವನು ಎದುರಿಗಿರುವ ದಾತೃವಿನ ಮುಂದೆ ಕೈಯೊಡ್ಡಬೇಕಾಗಿರಲಿಲ್ಲ. ದಾನಿಯು ಎಂದೋ ಆ ಭೂಮಿಯನ್ನು ಬಿಟ್ಟುಕೊಟ್ಟಿದ್ದನು.

ಈ ದೃಷ್ಟಿಯಿಂದ ಹೊಯ್ಸಳ ಮೂರನೆಯ ನರಸಿಂಹನ ಕ್ರಿ.ಶ. 1279ರ ದತ್ತಿಯು ಅಪೂರ್ವವಾದುದು. ಹೆಬ್ಬಾಳೆ ಗ್ರಾಮದ ವಾರ್ಷಿಕ ಉತ್ಪನ್ನವಾದ 645 ನಿಷ್ಕಗಳನ್ನು, ಕಾಶಿಯಲ್ಲಿದ್ದ ಕರ್ನಾಟ, ತೆಲುಂಗ, ತುಳು, ತಿರಹುತ, ಗೌಡ ಮೊದಲಾದ ದೇಶಗಳ ಜನರು ತುರುಷ್ಕರಿಗೆ ತೆರಬೇಕಾಗಿದ್ದ ತೆರಿಗೆಗಾಗಿ ಅವನು ಬಿಟ್ಟುಕೊಟ್ಟನು. ಒಂದು ಹಳ್ಳಿಯ ರೈತರ ದುಡಿಮೆ ಬಹುದೂರದ ಊರಿನಲ್ಲಿ ತುಳುವರಿಗೂ ತಿರಹುತದವರಿಗೂ ನೆರವಾಯಿತು. ಕನ್ನಡಿಗರದೊಂದು ನೆಲೆ ಆ ಕಾಲಕ್ಕಾಗಲೇ ಕಾಶಿಯಲ್ಲಿತ್ತೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಸಾಕ್ಷ್ಯ

ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಯ್ಯನವರು 1830ರ ಮೇ 18ರಂದು ಹೊರಟು, ಕಾಶಿ, ಗಯೆ, ಪುರಿಗಳನ್ನು ಸಂದರ್ಶಿಸಿ 1831ರ ಸೆಪ್ಟೆಂಬರ್ 3ರಂದು ಹಿಂದಿರುಗಿದರು. ತೆಲುಗಿನ ‘ಕಾಶೀಯಾತ್ರಾ ಚರಿತ್ರ’ 1838ರಲ್ಲಿ ಅಚ್ಚಾಯಿತು. ಪಲ್ಲಕ್ಕಿ, ಡೇರೆ, ಸುಮಾರು ನೂರು ಜನರ ಪರಿವಾರವಿದ್ದರೂ ಅವರಿಗೆ ಹದಿನೈದು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಯಾವ ಊರಿನಲ್ಲಿ ಏನು ದೊರೆಯುತ್ತದೆಂಬುದನ್ನು ಅವರು ಬರೆದಿಟ್ಟ ಬಗೆಯನ್ನು ಕಂಡರೆ, ಮುಂದೆ ಹೋಗುವವರ ಸಿದ್ಧತೆಗೆ ಅದು ಕೈಪಿಡಿಯೇ ಆಗಿತ್ತೆನ್ನಬಹುದು.

ಸಾಧನವಿಲ್ಲದವರ ಚಿತ್ರವು ಕೊಂಕಣದ ವರಸಯಿಯ ವಿಷ್ಣುಭಟ್ಟ ಗೋಡಸೆಯ ಮರಾಠಿ ಕೃತಿ ‘ಮಾಝಾ ಪ್ರವಾಸ’ದಲ್ಲಿದೆ. ಸಾಲದಲ್ಲಿದ್ದ ಮನೆಗೆ ದಕ್ಷಿಣೆಯ ಹಣ ತರಲೆಂದು ಆತನು 1857ರಲ್ಲಿ ಚಿಕ್ಕಪ್ಪನೊಡನೆ ಉತ್ತರಕ್ಕೆ ನಡೆದನು. ದಂಗೆಯ ನಡುವೆ ಸಿಕ್ಕಿ ಗಳಿಸಿದ್ದನ್ನು ಕಳೆದುಕೊಂಡನು. ಕೊನೆಗೆ ತಂದೆತಾಯಿಗಳ ಸ್ನಾನಕ್ಕೆಂದು ಗಂಗಾಜಲದ ಕಾವಡಿಯನ್ನು ಹೆಗಲ ಮೇಲೆ ಹೊತ್ತು ಮನೆ ಸೇರಿದನು. 1907ರಲ್ಲಿ ಈ ಕೃತಿಯು ಪ್ರಕಟವಾಯಿತು.

ಒಂಟಿಯಾಗಿ ನಡೆಯುವವನಿಗೆ ಜೊತೆಯೂ ಅಪಾಯವಾಗಬಹುದಾಗಿತ್ತು. ಮಧ್ಯ ಭಾರತದ ದಾರಿಗಳಲ್ಲಿ ಥಗ್ಗರು ಸ್ನೇಹದಿಂದ ಜೊತೆಗೂಡಿ, ನಂಬಿಕೆ ಗಳಿಸಿದ ಮೇಲೆ ಕೊಲ್ಲುತ್ತಿದ್ದರು. ಅವರನ್ನು ಅಡಗಿಸಲು 1836ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಪ್ರಯಾಗದಲ್ಲಿ ಕಂಪನಿ ಸರ್ಕಾರವು 1810ರ ನಿಬಂಧನೆಯಂತೆ ಕಾಲ್ನಡಿಗೆಯವನಿಂದ ಒಂದು ರೂಪಾಯಿ, ಆನೆಯಲ್ಲಿ ಬಂದವನಿಂದ 20 ರೂಪಾಯಿ ತೆರಿಗೆ ವಸೂಲು ಮಾಡುತ್ತಿತ್ತು. ಬಡವನು ಆ ಒಂದು ರೂಪಾಯಿಯನ್ನು ದಾರಿಯುದ್ದಕ್ಕೂ ಕಾಪಾಡಿಕೊಳ್ಳಬೇಕಾಗಿತ್ತು. ಈ ತೆರಿಗೆ 1840ರಲ್ಲಿ ರದ್ದಾಯಿತು. 1870ರಲ್ಲಿ ಜಬ್ಬಲಪುರದಲ್ಲಿ ಮುಂಬಯಿ ಮತ್ತು ಕಲ್ಕತ್ತೆಯ ರೈಲುಮಾರ್ಗಗಳು ಕೂಡಿಕೊಂಡ ಮೇಲೆ ದಕ್ಷಿಣದ ಕಾಶಿಯಾತ್ರೆಯ ಸ್ವರೂಪವೇ ಬದಲಾಗತೊಡಗಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿಯುವುದಿಷ್ಟು. ಒಂಟಿ ಯಾತ್ರಿಕನ ಸಿದ್ಧತೆಯಲ್ಲಿ ಎರಡು ಭಾಗಗಳಿದ್ದವು. ಋಣ ತೀರಿಸುವುದು, ಉಪವಾಸ, ವೇಷ, ಬೀಳ್ಕೊಡುಗೆ ಇವು ಅವನೇ ಮಾಡಿಕೊಳ್ಳಬೇಕಾದವು. ನೀರು, ಅನ್ನ, ನೆರಳು, ದೂರದ ಊರಿನ ಸುಂಕ ಇವು ಅವನು ಹುಟ್ಟುವ ಮೊದಲೇ ಅನ್ಯರು ಮಾಡಿಟ್ಟವು. ಮೊದಲನೆಯದನ್ನು ಶಾಸ್ತ್ರಗ್ರಂಥಗಳು ಹೇಳಿದರೆ ಎರಡನೆಯದನ್ನು ಶಾಸನಗಳು ಹೇಳುತ್ತವೆ. ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ, ಕೈಯಲ್ಲಿ ಏನೂ ಇಲ್ಲದ ಒಬ್ಬನು ಹೆಬ್ಬಾಳೆಯಂತಹ ಊರಿನಿಂದ ಗಂಗಾತೀರವನ್ನು ಮುಟ್ಟಬಹುದಾಗಿದ್ದುದು ಹೇಗೆಂಬುದು ಅರ್ಥವಾಗುತ್ತದೆ. ಹೆಸರುಳಿಸದೆ ನಡೆದುಹೋದ ಅಂತಹವರ ಚರಿತ್ರೆಯನ್ನು ಬರೆಯಲು, ಅವರಿಗಾಗಿ ತೋಡಿದ ಕೆರೆಗಳೂ ಬಿಟ್ಟ ಭೂಮಿಗಳೂ ಪ್ರಮುಖ ಆಕರಗಳಾಗಿವೆ.