ಮನಸ್ಸಿನ ವಿದ್ಯೆ ಮತ್ತು ಅರೆಕಾಲಿಕ ಮೇಷ್ಟರು

ಕ್ಲಿನಿಕಲ್ ಸೈಕಾಲಜಿಯಲ್ಲಿ ಡಾಕ್ಟರೇಟ್ ಮಾಡುವವರಿಗೆ ಯಾರು ಪಾಠ ಹೇಳಬೇಕು ಎಂಬುದು ಬೆಂಗಳೂರಿನವರ ಪ್ರಶ್ನೆ, ಸಾಗರ, ಹೊಸನಗರ, ತೀರ್ಥಹಳ್ಳಿಯ ನಮಗೆ ಅದರ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ವಿದ್ಯೆಯ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ, ಅದರ ಒಂದು ತರಗತಿ ನಮ್ಮ ಅಡಿಕೆ ಅಂಗಳದಲ್ಲೇ ನಡೆದದ್ದು ಕಾಣುತ್ತದೆ.

ಮೊದಲ ತಲೆಮಾರಿನ ಮೇಷ್ಟರು ಒಂದೇ ಕಸುಬಿಗೆ ಅಂಟಿಕೊಂಡವರಲ್ಲ. ಮನಶ್ಶಾಸ್ತ್ರದಲ್ಲಿ 1921ರಲ್ಲಿ ಡಾಕ್ಟರೇಟ್ ಪಡೆದ ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್ ತಮ್ಮ ವೈದ್ಯವೃತ್ತಿಯನ್ನು ಬಿಡದೆಯೇ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದವರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದವರೂ ಅವರೇ. ನಾಡಿಗೆ ಅವರ ನೆನಪು ಉಳಿದಿರುವುದು ಆಕಾಶವಾಣಿಯಿಂದಲೇ ಹೊರತು ಮನಶ್ಶಾಸ್ತ್ರದಿಂದಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಮರುವರ್ಷ ಅಲ್ಲಿ ತೆರೆದ ಮನಶ್ಶಾಸ್ತ್ರದ ಡಿಪ್ಲೊಮಾ ಮುಂದೆ ಎಂ.ಫಿಲ್. ಎನಿಸಿತು, ಸಂಸ್ಥೆ 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ಮನಶ್ಶಾಸ್ತ್ರ ಕಲಿಸಿದವರಲ್ಲಿ ಎಸ್.ಕೆ. ರಾಮಚಂದ್ರರಾಯರೂ ಒಬ್ಬರು. ಸಂಸ್ಕೃತ, ಬೌದ್ಧ ಗ್ರಂಥಗಳು, ಚಿತ್ರಕಲೆ, ಎಲ್ಲದರಲ್ಲೂ ಕೈಯಾಡಿಸಿದ ವಿದ್ವಾಂಸರು ಅವರು.

ಇಂಥವರನ್ನು ಇಂದು ಹುದ್ದೆಗೆ ಕರೆಯುವುದು ಸುಲಭವಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಬಂದ ಮೇಲೆ ಚಿಕಿತ್ಸಕರಿಗೆ ನೋಂದಣಿ ಬೇಕು. ಇದು ಬೇಕಾದ ಕಟ್ಟುಪಾಡೇ. ಮನೋರೋಗಿಯ ಹೆಸರಿನಲ್ಲಿ ಅಂಗಡಿ ತೆರೆದವರನ್ನು ನಾವೂ ಕಂಡಿದ್ದೇವೆ. ಆದರೆ ಹೊರಗಿನ ಅರಿವು ತರಗತಿಗೆ ಬರಬೇಕಾದರೆ ಈಗ ಉಳಿದಿರುವ ದಾರಿ ಅತಿಥಿ ಉಪನ್ಯಾಸಕನದು: ವಾರಕ್ಕೆ ಒಂದೆರಡು ತಾಸು ಬಂದು ಹೋಗುವ, ಗಂಟೆ ಲೆಕ್ಕದ ಗೌರವಧನದ ಮೇಷ್ಟರದು.

ಇನ್ನು ನಮ್ಮ ಕಡೆಗೆ ಬರೋಣ. ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಆಸ್ಪತ್ರೆ ನಡೆಸುತ್ತಲೇ ಕನ್ನಡದಲ್ಲಿ ಬರೆದರು, ‘ಕಾಡಿನ ಬೆಂಕಿ’ಯಂಥ ಚಿತ್ರಗಳ ಹಿಂದೆ ನಿಂತರು. 2016ರಲ್ಲಿ ಅವರು ತೀರಿಕೊಳ್ಳುವವರೆಗೂ ಮಲೆನಾಡಿನ ಎಷ್ಟೋ ಮನೆಗಳಿಗೆ ಮನೋವೈದ್ಯ ಎಂದರೆ ಅವರೊಬ್ಬರೇ. 2005ರ ಸುಮಾರಿಗೆ ನಿಮ್ಹಾನ್ಸ್‌ನ ತಂಡವೊಂದು ತೀರ್ಥಹಳ್ಳಿ ತಾಲೂಕಿಗೆ ಬಂತು. ಊರ ಆರೋಗ್ಯ ಕಾರ್ಯಕರ್ತೆಯರ ನೆರವಿನಿಂದ ಸ್ಕಿಜೋಫ್ರೀನಿಯಾ ಇರುವವರನ್ನು ಹುಡುಕಿ, ಔಷಧ ಕೊಟ್ಟು, ವರ್ಷಗಟ್ಟಲೆ ಜೊತೆಗಿದ್ದು ನೋಡಿತು. ಅವರಲ್ಲಿ ಔಷಧವನ್ನೇ ಕಾಣದವರೂ ಇದ್ದರು. ಚಿಕಿತ್ಸೆ ಪಡೆದವರ ಅಂಗವೈಕಲ್ಯ, ಪಡೆಯದವರದಕ್ಕಿಂತ ಹೆಚ್ಚು ತಗ್ಗಿತೆಂದು 2009ರಲ್ಲಿ ಪ್ರಕಟವಾದ ಅವರ ಲೇಖನ ಹೇಳಿತು. ಅದು ಮನೋವೈದ್ಯರ ಯೋಜನೆ, ನಿಜ. ಆದರೂ ಮನಸ್ಸಿನ ಡಾಕ್ಟರೇಟಿಗೆ ಬೇಕಾದ ಪಾಠ ಅಲ್ಲಿತ್ತು.

ಹೇಗೆಂದರೆ, ಈ ಅಂಗವೈಕಲ್ಯವನ್ನು ಅಳೆಯಲು ಭಾರತೀಯ ಮನೋವೈದ್ಯ ಸಂಘ ರೂಪಿಸಿದ ಅಳತೆಪಟ್ಟಿಯಲ್ಲಿ ನಾಲ್ಕು ಬಾಬತ್ತುಗಳಿವೆ: ತನ್ನ ಆರೈಕೆ, ಜನರೊಡನೆ ಬಾಳುವೆ, ಮಾತು ಮತ್ತು ಗ್ರಹಿಕೆ, ದುಡಿಮೆ. ಮೊದಲ ಮೂರು ಹಾಗಿರಲಿ, ದುಡಿಮೆಯನ್ನೇ ನೋಡಿ. ವರ್ಷವಿಡೀ ಮೂಲೆಯಲ್ಲಿ ಕೂತ ತಮ್ಮ, ಕೊಯ್ಲಿನ ಕಾಲದಲ್ಲಿ ಎಲ್ಲರ ನಡುವೆ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಎರಡು ಡಬ್ಬ ಅಡಿಕೆ ಸುಲಿಯುತ್ತಾನೆ. ಮಾತಿಲ್ಲ, ಕೈ ಮಾತ್ರ ಓಡುತ್ತದೆ. ಅವನಿಗೆ ಎಷ್ಟು ಅಂಕ? ಎರಡು ಡಬ್ಬ ಹೆಚ್ಚೋ ಕಡಿಮೆಯೋ, ಹೋದ ವರ್ಷ ಎಷ್ಟಿತ್ತು ಎಂಬುದು ಪಕ್ಕದಲ್ಲಿ ಕೂತ ಅತ್ತಿಗೆಗೆ ಗೊತ್ತು. ಆಕೆ ಹೇಳದಿದ್ದರೆ ಸಂಶೋಧಕರ ಅಂಕ ಬರಿಯ ಅಂದಾಜು.

ಭಾಷೆಯ ಮಾತೂ ಇದೆ. ನಮ್ಮ ಮನೆಗಳ ಹೆಂಗಸರು ‘ದಿಲ್ ಘಬ್ರಾತಾ’ ಎನ್ನುತ್ತಾರೆ. ಜೊತೆಗೆ ಬಂದ ಶಾಲೆಯ ಹುಡುಗ ಅದನ್ನು ‘ಎದೆನೋವಂತೆ’ ಎಂದು ಕನ್ನಡಕ್ಕೆ ತಂದರೆ ಇಸಿಜಿ ಆಗುತ್ತದೆ, ಗುಳಿಗೆ ಬರುತ್ತದೆ, ಅಳಲು ಹಾಗೇ ಉಳಿಯುತ್ತದೆ. ‘ಅಸರ್ ಆಗಿದೆ’ ಎಂಬ ಮಾತನ್ನು ಮೂಢನಂಬಿಕೆಯೆಂದು ಪಕ್ಕಕ್ಕಿಡುವವರು, ಪಕ್ಕದ ಮನೆಯ ಶೂದ್ರ, ಬ್ರಾಹ್ಮಣ ಹೆಂಗಸರು ‘ಗಾಳಿ ಸೋಕಿದೆ’ ಎಂದಾಗಲೂ ಅದೇ ನೋವನ್ನು ಹೇಳುತ್ತಿದ್ದಾರೆಂದು ಗಮನಿಸಿದರೆ ಒಳ್ಳೆಯದು. ದರ್ಗಾಕ್ಕೆ ಹೋಗುವವರನ್ನು ಗದರಿಸಿದರೆ ಅವರು ದರ್ಗಾ ಬಿಡುವುದಿಲ್ಲ, ಡಾಕ್ಟರನ್ನು ಬಿಡುತ್ತಾರೆ.

ಎಂ.ಫಿಲ್. ಪದವಿಯನ್ನು 2022ರಲ್ಲಿ ಯುಜಿಸಿ ಕೈಬಿಟ್ಟಿತು. ಆದರೆ ಕ್ಲಿನಿಕಲ್ ಸೈಕಾಲಜಿಗೆ 2025-26ರವರೆಗೆ ವಿನಾಯಿತಿ ಸಿಕ್ಕಿತು. ಅದರ ಜಾಗಕ್ಕೆ ಬರುವ ಪದವಿಗಳಲ್ಲಿ ವೃತ್ತಿಪರ ಡಾಕ್ಟರೇಟೂ ಸೇರಿದೆ. ಪಠ್ಯ ಹೊಸದಾಗಿ ಬರೆಯುವ ಈ ಹೊತ್ತಿನಲ್ಲಿ ಒಂದೆರಡು ತಾಸನ್ನು ತೀರ್ಥಹಳ್ಳಿಯ ಆರೋಗ್ಯ ಕಾರ್ಯಕರ್ತೆಗೂ, ಇಪ್ಪತ್ತು ವರ್ಷ ಮಗನನ್ನು ನೋಡಿಕೊಂಡ ಸಾಗರದ ಒಬ್ಬ ಅಮ್ಮೀಜಾನ್‌ಗೂ ಬಿಟ್ಟುಕೊಡಲಿ. ಅವರ ಗೌರವಧನವನ್ನು ಯಾವ ಲೆಕ್ಕದಲ್ಲಿ ಬರೆಯಬೇಕು ಎಂದು ಕಚೇರಿಯವರು ಕೇಳಿದರೆ, ಅತಿಥಿ ಉಪನ್ಯಾಸಕರ ಲೆಕ್ಕದಲ್ಲೇ ಬರೆಯಲಿ.